ಮೂರು ಸುತ್ತು ಟೇಪು

ಗೊರ್ ಎಂದು ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮನೆ ಗುನುಗುವ ಪಂಪಿನ ಸದ್ದು ಟೇಪಣ್ಣನ ಮನೆಯ ಮೆಟ್ಟಿಲ ಕೆಳಗಿನಿಂದ ದಿನಕ್ಕೆರಡು ಸಲ ಬರುತ್ತದೆ. ನೆಲಮಾಳಿಗೆಯ ಗುಂಡಿಯಲ್ಲಿ ಒಸರಿ ನಿಂತ ನೀರನ್ನು ಹೊರಗೆ ಚೆಲ್ಲುವ ಪಂಪು ಅದು. ಬೀದಿಯವರಿಗೆ ತಲೆನೋವು. ಟೇಪಣ್ಣ ಮಾತ್ರ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, ಕಛೇರಿ ಕೇಳುವ ರಸಿಕನಂತೆ ಕಣ್ಣು ಮುಚ್ಚುತ್ತಾನೆ.

ಮೂವತ್ತು ವರ್ಷ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿದ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿ, ಕಂದು ಟೇಪು ಮೂರು ಸುತ್ತು ಸುತ್ತಿ, ನೆಲಮಾಳಿಗೆಯಲ್ಲಿ ಇಟ್ಟಿಗೆಗಳ ಮೇಲೆ ಪೇರಿಸುತ್ತಾನೆ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ನನ್ನನ್ನೂ ಸುತ್ತಿಬಿಡುತ್ತಾರೆ ಎಂದು ಹೆಂಡತಿ ಪಕ್ಕದ ಮನೆಯಲ್ಲಿ ಹೇಳಿದ ದಿನದಿಂದ ಟೇಪಣ್ಣ ಎಂಬ ಹೆಸರು ಬಿತ್ತು. ಅವನು ಅದನ್ನು ಬಿರುದೆಂದೇ ತಿಳಿದ. ಮನೆಗೆ ಬಂದವರನ್ನು, ಕುಡಿಯಲು ನೀರು ಕೊಡುವ ಮೊದಲೇ, ಕೆಳಗೆ ಕರೆದೊಯ್ದು ತೋರಿಸುತ್ತಾನೆ: ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎರಡು ಇಟ್ಟಿಗೆ ಎತ್ತರ. ಇಷ್ಟು ಭದ್ರವಾಗಿರುವ ವಸ್ತುಗಳಲ್ಲಿ ಒಂದನ್ನೂ ಅವನು ಯಾವತ್ತೂ ಬಿಚ್ಚಿದ್ದಿಲ್ಲ. ಬಿಚ್ಚಿದರೆ ಭದ್ರತೆ ಹೋಯಿತಲ್ಲ.

ಏಳು ವರ್ಷದ ಹಿಂದೆ ಅವನ ತಂಗಿಯ ಟೈಲರಿಂಗ್ ಅಂಗಡಿ ಇದ್ದ ಕಟ್ಟಡವನ್ನು ಕೆಡವಿದರು. ಅವಳು ಗಾರ್ಮೆಂಟ್ಸ್ ಕೆಲಸ ಹಿಡಿದು ಹಾಸ್ಟೆಲ್ಲಿನ ಒಂದು ಮಂಚಕ್ಕೆ ಹೋದಳು. ಹೋಗುವಾಗ ಅಣ್ಣನಿಗೆ ಒಪ್ಪಿಸಿದ್ದು ಒಂದು ಟ್ರಂಕು. ಅದರಲ್ಲಿದ್ದದ್ದು ಕಟಿಂಗ್‌ಗಳು, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಒಬ್ಬೊಬ್ಬ ಗಿರಾಕಿಯ ಅಳತೆಗೆ ಬ್ರೌನ್ ಪೇಪರಿನಲ್ಲಿ ಮಾಡಿಟ್ಟ ಮಾದರಿಗಳು. ಗೂನು ಬೆನ್ನಿನ ಮೇಷ್ಟರ ಅಂಗಿ, ಒಂದು ಭುಜ ಇಳಿದಿದ್ದ ನರ್ಸಮ್ಮನ ರವಿಕೆ. ಊರಿನ ಮೈಗಳ ಸೊಟ್ಟವೆಲ್ಲ ಆ ಕಾಗದಗಳಲ್ಲಿ ನೆಟ್ಟಗಾಗಿತ್ತು. ಅಳತೆಪಟ್ಟಿ ಯಾವ ಟೈಲರ್ ಹತ್ತಿರವೂ ಇರುತ್ತದೆ, ಅವಳ ಕೈಚಳಕ ಇದ್ದದ್ದು ಆ ಟ್ರಂಕಿನಲ್ಲಿ.

ಟೇಪಣ್ಣ ಟ್ರಂಕನ್ನು ಒಳಗೂ ಹೊರಗೂ ಒದ್ದೆ ಬಟ್ಟೆಯಿಂದ ಒರೆಸಿ, ಧೂಳಿರಬಾರದೆಂದು ಕಾಗದಗಳ ಮೇಲೂ ಅದೇ ಬಟ್ಟೆ ಆಡಿಸಿ, ಆಗಲೇ ಕಟ್ಟಲು ಕೂತ. ಒಂದು ದಿನ ಬಿಸಿಲಿಗಿಡು ಎಂದು ತಂಗಿ ಹೇಳಿದ್ದಳು.

"ಬಿಸಿಲಿಗಿಟ್ರೆ ಮತ್ತೆ ಧೂಳು ಕೂರುತ್ತೆ. ಗೋದಾಮಲ್ಲಿದ್ದಿದ್ದು ನೀನೋ ನಾನೋ?" ಎಂದಿದ್ದ.

ಮಕ್ಕಳ ಬಟ್ಟೆಯ ಕಟಿಂಗ್‌ಗಳ ಒಂದು ಕಟ್ಟು ಟ್ರಂಕಿನಲ್ಲಿ ಹಿಡಿಸಲಿಲ್ಲ. ಅದನ್ನು ಹಳೆಯ ದಿಂಬಿನ ಚೀಲಕ್ಕೆ ತುರುಕಿ, ಗಾಳಿಕಿಂಡಿಯ ಪಕ್ಕದ ಮೊಳೆಗೆ ನೇತುಹಾಕಿದ. ಅದು ಹಾಳಾದರೆ ನನ್ನನ್ನು ಕೇಳಬೇಡ ಎಂದು ಮೊದಲೇ ಹೇಳಿ ಕೈತೊಳೆದುಕೊಂಡ.

ಈಗ ತಂಗಿ ಹಳೆಯ ಅಂಗಡಿಯಿದ್ದ ಬೀದಿಯಲ್ಲೇ ಮಳಿಗೆ ಹಿಡಿದಿದ್ದಾಳೆ. ಬೋರ್ಡು ಬರೆಸಿಯಾಗಿದೆ, ಸೋಮವಾರ ಬಾಗಿಲು ತೆರೆಯಬೇಕು. ಹಳೆಯ ಗಿರಾಕಿಗಳಿಗೆಲ್ಲ, ನಿಮ್ಮ ಕಟಿಂಗ್ ನನ್ನ ಹತ್ತಿರವೇ ಇದೆ, ಬಟ್ಟೆ ತಂದರೆ ಸಾಕು ಎಂದು ಮಾತು ಕೊಟ್ಟಿದ್ದಾಳೆ. ಟ್ರಂಕಿಗಾಗಿ ಬಂದವಳನ್ನು ಟೇಪಣ್ಣ ಬ್ಲೇಡು ಹಿಡಿದು ಕೆಳಗಿಳಿಸಿದ. ಸೇತುವೆ ಉದ್ಘಾಟನೆಗೆ ಬಂದ ಮಂತ್ರಿಗೂ ಅಷ್ಟು ಗತ್ತು ಇರುವುದಿಲ್ಲ.

ಮೂರನೆಯ ಸುತ್ತು ಬಿಚ್ಚುತ್ತಿದ್ದಂತೆ ಒದ್ದೆ ಬೂಟಿನ ವಾಸನೆ ಎದ್ದಿತು. ಪ್ಲಾಸ್ಟಿಕ್ಕಿನ ಒಳಮೈ ಬೆವರಿತ್ತು. ಕಾಗದಗಳು ಒಂದಕ್ಕೊಂದು ಅಂಟಿ, ಕರಿ ಬೂಷ್ಟು ಹಿಡಿದು, ದಪ್ಪ ಹಲಗೆಯಾಗಿದ್ದವು. ತಂಗಿ ಒಂದು ಅಂಚನ್ನು ಮೆಲ್ಲಗೆ ಎಳೆದಳು. ಮೇಷ್ಟರ ಬೆನ್ನು ಚೂರುಚೂರಾಗಿ ಕೈಗೆ ಬಂತು.

ಟೇಪಣ್ಣ ನೋಡಿದ್ದು ಕಾಗದವನ್ನಲ್ಲ, ಟೇಪನ್ನು. "ಎಲ್ಲೂ ಬಿಟ್ಟಿಲ್ಲ ನೋಡು. ಹೊರಗಿಂದ ಒಂದು ಹನಿ ಒಳಗೆ ಬಂದಿಲ್ಲ."

"ಒಳಗಿಂದ ಒಂದು ಹನಿ ಹೊರಗೂ ಹೋಗಿಲ್ಲ ಅಣ್ಣ."

ಏಳು ವರ್ಷ ಅವನು ನೆಲದ ನೀರನ್ನು ಬೀದಿಗೆ ಅಟ್ಟಿದ್ದ. ಒದ್ದೆ ಬಟ್ಟೆಯಿಂದ ತಾನೇ ಒರೆಸಿಟ್ಟ ನೀರು ಮಾತ್ರ ಅವನ ಕಾವಲಿನಲ್ಲೇ ತಣ್ಣಗೆ ಕೂತಿತ್ತು.

ತಂಗಿ ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಗಾಳಿಕಿಂಡಿಯ ಹತ್ತಿರ ಹೋಗಿ ಮೊಳೆಯಿಂದ ದಿಂಬಿನ ಚೀಲ ಇಳಿಸಿ ಕೊಡವಿದಳು. ಎರಡು ಸಲ ಸೀನಿದಳು. ಒಳಗಿನ ಕಾಗದಗಳು ತರಗೆಲೆಯಂತೆ ಸದ್ದು ಮಾಡುತ್ತ ಬಿಚ್ಚಿಕೊಂಡವು. ಫ್ರಾಕು, ಚಡ್ಡಿ, ಶಾಲೆಯ ಅಂಗಿ, ಎಲ್ಲ ಹಾಗೇ ಇದ್ದವು. ಸೋಮವಾರ ಮಕ್ಕಳ ಬಟ್ಟೆಯಿಂದ ಶುರು ಮಾಡುತ್ತೇನೆ, ದೊಡ್ಡವರು ಹೊಸದಾಗಿ ಅಳತೆ ಕೊಡಲಿ, ಹೇಗೂ ಏಳು ವರ್ಷದಲ್ಲಿ ಊದಿಕೊಂಡಿರುತ್ತಾರೆ ಎಂದಳು. ಧ್ವನಿ ಮಾತ್ರ ಎಲ್ಲೋ ಸ್ವಲ್ಪ ಹರಿದಿತ್ತು.

"ಕೊಡು, ಅದನ್ನಾದ್ರೂ ಸರಿಯಾಗಿ ಕಟ್ಟಿಕೊಡ್ತೀನಿ," ಎಂದು ಟೇಪಣ್ಣ ಟೇಪಿನ ಉರುಳೆಗೆ ಕೈಹಾಕಿದ.

ಅವಳು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡಳು. "ಬೇಡ. ಹೀಗೇ ಒಯ್ತೀನಿ."

ಎಳೆದ ಟೇಪು ಬೆರಳಿಗೆ ಅಂಟಿಕೊಂಡು ನೇತಾಡುತ್ತಿತ್ತು. ಕೊಡವಿದ, ಬಿಡಲಿಲ್ಲ. ಮೊದಲ ಸಲ ಅವನು ಟ್ರಂಕಿನೊಳಗೆ ಇಣುಕಿದ.

"ಅವತ್ತು ನೀನು ಬಿಸಿಲಿಗಿಡು ಅಂದಾಗ ನಾನು..." ಎಂದವನು, ಚೆನ್ನಾಗಿಯೇ ಓಡುತ್ತಿದ್ದ ಪಂಪನ್ನು ನೋಡಿಕೊಂಡು ಬರಲು ಗುಂಡಿಯಿದ್ದ ಮೂಲೆಗೆ ನಡೆದುಬಿಟ್ಟ.