ಮಣ್ಣು ಮುಗಿಯುವವರೆಗೆ

ನಮ್ಮ ಕ್ರೈಸ್ತ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ನಾನು. ದೇವಾಲಯದ ಒಳಗಾದರೆ ಹಾರ್ಮೋನಿಯಂ ಇತ್ತು. ಮದುವೆ ಚಪ್ಪರದಲ್ಲಿ, ಹೊಸ ಮನೆಯ ಪ್ರಾರ್ಥನೆಯಲ್ಲಿ, ಸಮಾಧಿಯ ಬಳಿಯಲ್ಲಿ ಯಾರಾದರೊಬ್ಬರು ಮೊದಲ ಸಾಲನ್ನು ಸರಿಯಾದ ಶ್ರುತಿಯಲ್ಲಿ ಹಿಡಿದು ಕೊಡಬೇಕು, ಉಳಿದವರು ಸೇರಿಕೊಳ್ಳಬೇಕು. ತೀರ ಮೇಲೆ ಎತ್ತಿದರೆ ಮುಂದಿನ ಸಾಲುಗಳಲ್ಲಿ ಎಲ್ಲರ ಗಂಟಲೂ ಕೈಕೊಡುತ್ತದೆ. ಸಮಾಧಿಯ ಬಳಿ ಮಾತ್ರ ಹಾಗಾಗಲೇಬಾರದು. ಗುಂಡಿಗೆ ಮಣ್ಣು ತುಂಬಿ ಮುಗಿಯುವವರೆಗೆ ಹಾಡು ನಿಲ್ಲಬಾರದೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಸದ್ದು ಮನೆಯವರಿಗೆ ಕೇಳಿಸದಿರಲಿ ಎಂದು.

ಅದು ಎಂಬತ್ತರ ದಶಕದ ಶುರು. ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ನಮ್ಮವರಿಗೆ ಕಾರ್ಖಾನೆಯಲ್ಲಿ ಕೆಲಸ. ಮಕ್ಕಳಾಗಿರಲಿಲ್ಲ. ಆ ಖಾಲಿ ಜಾಗದಲ್ಲಿ ದೇವರು ಹಾಡು ಇಟ್ಟಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ವಯಸ್ಸಿನಲ್ಲಿ ಗೆಳತಿಯರ ಮದುವೆಗೆ ಹಾಡಿದೆ, ಆಮೇಲೆ ಅವರ ಮಕ್ಕಳ ದೀಕ್ಷಾಸ್ನಾನಕ್ಕೆ, ನಲವತ್ತು ದಾಟಿದ ಮೇಲೆ ಹೆಚ್ಚಾಗಿ ಸಾವಿಗೆ. ಬಾಳಿನ ಯಾವ ಕಾಲಕ್ಕೂ ನನಗೊಂದು ಕೆಲಸ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಕುತ್ತಿಗೆಯಲ್ಲಿ ಗಡ್ಡೆ ಬಂತು. ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಸ್ವರವೂ ಹೋಯಿತು, ಇಂಥದ್ದರಲ್ಲಿ ಹಾಗಾಗುವುದುಂಟಂತೆ. ಬಾಯಿ ತೆರೆದರೆ ಸಿಮೆಂಟ್ ನೆಲದ ಮೇಲೆ ಒಣ ತೆಂಗಿನ ಗರಿ ಎಳೆದ ಹಾಗೆ ಕೇಳುತ್ತಿತ್ತು. ನಮ್ಮ ಪಾಸ್ಟರು ಮೂಸಂಬಿ ತೆಗೆದುಕೊಂಡು ನೋಡಲು ಬಂದರು.

"ಒಂದೊಂದು ಕಾಲಕ್ಕೆ ದೇವರದು ಒಂದೊಂದು ಉದ್ದೇಶ ಇರುತ್ತೆ ಸಿಸ್ಟರ್," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಈ ಕಾಲಕ್ಕೆ ಏನು ಅಂತ ಹೇಳಿ ಪಾಸ್ಟರೇ," ಎಂದೆ. ನನ್ನ ಗೊರಗೊರ ಅವರಿಗೆ ಅರ್ಥವಾಗಲಿಲ್ಲವೋ, ಆಗದಂತೆ ನಟಿಸಿದರೋ, ಪ್ರಾರ್ಥನೆ ಮಾಡಿ ಹೊರಟುಹೋದರು. ಆ ಮೂಸಂಬಿಯನ್ನು ನಾನು ಮುಟ್ಟಲಿಲ್ಲ.

ಕುರುಬರಹಳ್ಳಿಯಲ್ಲಿ ನಮ್ಮ ಸಭೆಯ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದರು. ತಮ್ಮ ಮಣ್ಣಿಗೆ ಯಾವ ಗೀತೆ, ಯಾರು ಎತ್ತಬೇಕು ಎಂದು ನಮ್ಮ ಹಿರಿಯರು ಮೊದಲೇ ಹೇಳಿಡುವುದುಂಟು. ಅಜ್ಜಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತನ್ನು ವಾಪಸು ಪಡೆಯಲು ಹೋದೆ.

"ನನ್ನ ಕೈಲಿ ಆಗಲ್ಲ ಅಜ್ಜಿ. ಬೇರೆ ಯಾರಿಗಾದ್ರೂ ಹೇಳಿ. ಸ್ವರ ಹೆಂಗಿದೆ ಅಂತ ನೀವೇ ಕೇಳ್ತಾ ಇದೀರಲ್ಲ."

"ಕೇಳ್ತಾ ಇದೀನಿ. ಕಾಗೆನೇ ವಾಸಿ," ಎಂದು ನಕ್ಕರು, ನಗುತ್ತಲೇ ಕೆಮ್ಮಿದರು. "ಬೇರೆಯವ್ರಿಗೆ ಹೇಳಲ್ಲ ಕಣೇ. ದೇವ್ರು ನನ್ನನ್ನ ಇನ್ನೂ ಯಾತಕ್ಕೆ ಇಟ್ಕೊಂಡಿದಾನೆ ಅಂತ ನನಗೂ ಗೊತ್ತಿಲ್ಲ. ಕೂತ್ಕೋ, ಇಬ್ರೂ ಸೇರ್ಕೊಂಡು ಅವನನ್ನೇ ಕೇಳೋಣ."

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮಧ್ಯಾಹ್ನಗಳಲ್ಲಿ ಆ ಮನೆ ಬಿಕೋ ಎನ್ನುತ್ತಿತ್ತು. ನಾನು ಹೋಗತೊಡಗಿದೆ. ಅಜ್ಜಿಯ ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸಿ ಪಕ್ಕದಲ್ಲಿ ಕೂರುತ್ತಿದ್ದೆ. ಇಬ್ಬರೂ ಕಣ್ಣು ಮುಚ್ಚಿ ದೇವರನ್ನು ಕೇಳುತ್ತಿದ್ದೆವು. ಉತ್ತರ ಬರಲಿಲ್ಲ. ಬಂತೆಂದು ಸುಳ್ಳು ಬರೆಯಲಾರೆ. ಸಂಜೆ ಮನೆಗೆ ಬರುವಾಗ ಹೋದಾಗಿನಷ್ಟೇ ಖಾಲಿಯಾಗಿರುತ್ತಿದ್ದೆ.

ಜಿಟಿಜಿಟಿ ಮಳೆಯ ದಿನಗಳಲ್ಲಿ ಅಜ್ಜಿ ಹೋದರು. ಹಾಡು ಎತ್ತಲು ಗಾಯನ ಮಂಡಳಿಯ ಹುಡುಗಿಗೆ ಹೇಳಿ ಎಂದು ನಾನೇ ಪಾಸ್ಟರನ್ನು ಕೇಳಿಕೊಂಡೆ. ಒಳ್ಳೆಯ ಕಂಠದ ಹುಡುಗಿ, ಸಮಾಧಿಯ ಬಳಿ ಹಾಡಿ ಅಭ್ಯಾಸವಿಲ್ಲ. ಗಾಬರಿಯಲ್ಲಿ ಮೇಲೆ ಎತ್ತಿಬಿಟ್ಟಳು. ಮೂರನೆಯ ಸಾಲಿಗೆ ಹೆಂಗಸರ ಸ್ವರ ಒಡೆಯಿತು, ಗಂಡಸರು ಸೇರಲೇ ಇಲ್ಲ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಡು ನಿಂತಿತು.

ಹಸಿ ಮಣ್ಣು ಹೆಂಟೆ ಹೆಂಟೆಯಾಗಿ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಧಪ್ ಎನ್ನುತ್ತಿತ್ತು. ಅಜ್ಜಿಯ ಮಗ, ತಲೆ ನರೆತ ಗಂಡಸು, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ತಳದಿಂದ, ಗಂಡಸಿನದೋ ಎನ್ನುವಂತೆ, ಒಡಕು ಸ್ವರ ಹೊರಟಿತು. ನಾಚಿಕೆಯಿಂದ ತಲೆ ಎತ್ತಲಿಲ್ಲ. ಎರಡನೆಯ ಸಾಲಿನಲ್ಲಿ ಹಿಂದಿನಿಂದ ಒಬ್ಬರು ಸೇರಿಕೊಂಡರು, ಆಮೇಲೆ ಇನ್ನೊಬ್ಬರು. ನನ್ನ ಕಂಠ ಚೆನ್ನಾಗಿದ್ದ ವರ್ಷಗಳಲ್ಲೆಲ್ಲ ಬರೀ ತುಟಿ ಆಡಿಸುತ್ತಿದ್ದ ಮುದುಕರು, ತಮಗೆ ಎಟುಕುವ ಶ್ರುತಿ ಸಿಕ್ಕಿತೆಂದು ಗಂಟಲು ಬಿಟ್ಟು ಹಾಡುತ್ತಿದ್ದರು.

ಎರಡು ಚರಣ ಆಗುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ನಾನು ನಿಲ್ಲಿಸಿದೆ. ಹಾಡು ನಿಲ್ಲಲಿಲ್ಲ. ನಾನು ಬಿಟ್ಟದ್ದು ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಇಷ್ಟಕ್ಕೇನಾ ದೇವರೇ, ಬರೀ ಇಷ್ಟಕ್ಕೇನಾ ನನ್ನನ್ನು ಇಟ್ಟುಕೊಂಡದ್ದು ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಅಳು ಬಂತು. ಅಜ್ಜಿಗಾಗಿ ಸ್ವಲ್ಪ ಅತ್ತೆ, ನನಗಾಗಿ ಹೆಚ್ಚು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರೆ ಗುಂಡಿ ಇನ್ನೂ ಅರ್ಧವಷ್ಟೇ ತುಂಬಿತ್ತು. ಅಜ್ಜಿಯ ಮಗ ಕಿವಿಯಿಂದ ಕೈ ತೆಗೆದಿದ್ದ.