ಹಿತ್ತಾಳೆ ಕೊಡದೊಳಗಿನ ಬೇರಿಂಗ್

ಮೊದಲೇ ಹೇಳಿಬಿಡುತ್ತೇನೆ: ಆ ದಿನ ಗಾಡಿ ನಿಂತದ್ದು ನನ್ನ ನಾಲಿಗೆಯಿಂದ. ಅಷ್ಟು ದೊಡ್ಡ ಮನುಷ್ಯ ಎರಡು ತಾಸು ಕೆಂಪು ಮಣ್ಣಿನಲ್ಲಿ ಬೆನ್ನು ಹಾಸಿ ಮಲಗಿದ್ದಕ್ಕೆ ಎಂಜಿನ್ನೂ ಕಾರಣವಲ್ಲ, ರಸ್ತೆಯೂ ಕಾರಣವಲ್ಲ. ನನ್ನ ಬಾಯಿ ಮತ್ತು ಒಂದು ಹಿತ್ತಾಳೆ ಕೊಡ ಕಾರಣ. ಜಹೀರಾಬಾದಿನಲ್ಲಿ ಈ ಕಥೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ. ಮೂರರಲ್ಲಿ ನಾನು ಕತ್ತೆ, ಒಂದರಲ್ಲಿ ಮಂಗ. ಇದು ಐದನೆಯದು, ನಾನೇ ಬರೆಯುತ್ತಿರುವುದು. ಇದರಲ್ಲಿ ಎರಡೂ ಹೌದು.

ನನಗೆ ಆಗ ಹತ್ತೊಂಬತ್ತು. ಇಂಟರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದೆ. ಬರುತ್ತಿದ್ದ ವಿದ್ಯೆ ಒಂದೇ, ಅಣಕಿಸುವುದು. ಹೆಡ್‌ಮಾಸ್ತರರ ಕೆಮ್ಮು, ನಾರಾಯಣಖೇಡ ಬಸ್ಸಿನ ಕಂಡಕ್ಟರನ ಸೀಟಿ, ಸೀನುವ ಮುಂಚೆ ನಮ್ಮಪ್ಪ ಶಿವನನ್ನು ಮೂರು ಸಲ ಕರೆದು ಕೊನೆಗೆ ಸೀನದೇ ಉಳಿಯುವ ರೀತಿ, ಎದುರು ಮನೆಯ ಎಮ್ಮೆ, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ಹುಡುಗಿಯರ ಮುಂದೆ ನಾನು ತೊದಲುವುದನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಬೇರೆಯವರು ಮಾಡಿದರೆ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಆ ದೊಡ್ಡ ಮನುಷ್ಯನನ್ನು ಊರೆಲ್ಲ ಮಾಮಾ ಎನ್ನುತ್ತಿತ್ತು. ಅವರ ಮನೆತನದ್ದು ತೊಗರಿಬೇಳೆಯ ವ್ಯಾಪಾರ. ಮಾಮಾ ಮಾತ್ರ ಹರೆಯದಲ್ಲೇ ಬೇಳೆಯನ್ನು ಅಣ್ಣಂದಿರಿಗೆ ಬಿಟ್ಟು ದಕ್ಷಿಣಕ್ಕೆ ಹೋಗಿ, ಯುದ್ಧಕಾಲದ ಹಳೆಯ ವಿಮಾನ ಪಟ್ಟಿಯೊಂದರ ಮೇಲೆ ರೇಸ್ ಕಾರು ಓಡಿಸಿದವರು. ಗೆದ್ದು ತಂದ ಮೂರು ಬೆಳ್ಳಿ ಕಪ್‌ಗಳಲ್ಲಿ ಒಂದರಲ್ಲಿ ಅವರ ತಾಯಿ ಪೂಜೆಗೆ ಬಿಲ್ವಪತ್ರಿ ಇಡುತ್ತಿದ್ದರು. ಉಳಿದೆರಡು ಅಡುಗೆಮನೆಗೆ ಹೋಗದಂತೆ ಮಾಮಾ ಕಾದಿದ್ದರು. ಐವತ್ತು ದಾಟಿದ ಮೇಲೂ ಅವರು ಬಜಾರಿನಲ್ಲಿ ನಡೆದು ಬಂದರೆ ಚಹಾದಂಗಡಿಯಲ್ಲಿ ಕೂತವರು ಕಾರಣವಿಲ್ಲದೆ ಎದ್ದು ನಿಲ್ಲುತ್ತಿದ್ದರು. ಆರಡಿ ಆಳು, ತಲೆಗೆ ಚರ್ಮದ ಟೊಪ್ಪಿಗೆ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ವಿಭೂತಿಯ ಮೇಲೆ ರೇಸಿನ ಕನ್ನಡಕ. ನಮ್ಮ ಊರು ಆಂಧ್ರಕ್ಕೆ ಸೇರಿ ಎರಡು ದಶಕ ಆಗುತ್ತ ಬಂದಿತ್ತು. ಮಾಮಾ ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಆಡುತ್ತಿದ್ದರು. ಗಾಡಿಯನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಪ್ರೀತಿಯ ಮಾತು ಮನೆಭಾಷೆಯಲ್ಲೇ ಇರಬೇಕಂತೆ.

ಆ ಗಾಡಿ ಅವರಿಗೆ ಸಿಕ್ಕಿದ್ದು ನಾರಾಯಣಖೇಡದ ಒಂದು ಹಳೆಯ ವಾಡೆಯ ಹಿತ್ತಲಲ್ಲಿ. ಯುದ್ಧಕ್ಕಿಂತ ಮುಂಚಿನ ವಿಲಾಯತಿ ಕಾರು, ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಎರಡು ಎತ್ತಿನ ಬಂಡಿಗಳಲ್ಲಿ ಹೇರಿಕೊಂಡು ತಂದು ಆರು ವರ್ಷ ಕಟ್ಟಿದರು. ಹೆಸರು ಮುದಿಕಿ. ವಿಲಾಯತ್ತಿನಿಂದ ಒಂದು ಮೊಳೆಯೂ ಬರಲಿಲ್ಲ. ಹಲ್ಲು ಮುರಿದ ಗೇರನ್ನು ಕಬ್ಬಿನ ಗಾಣ ರಿಪೇರಿ ಮಾಡುವವನು ಕಡೆದು ಕೊಟ್ಟ. ಬಾಗಿಲಿನ ಚೌಕಟ್ಟು ನಮ್ಮೂರಿನ ಜಾಲಿಮರದ್ದು. ಎಂಜಿನ್ನಿನ ತಲೆಯನ್ನು ಸಮ ಮಾಡಲು ತಾಂಡೂರಿನಿಂದ ಒಂದು ನುಣುಪು ಕಲ್ಲಿನ ಚಪ್ಪಡಿ ತರಿಸಿ, ಅದರ ಮೇಲೆ ಹದಿನೈದು ದಿನ ಹಿಟ್ಟು ನಾದಿದ ಹಾಗೆ ಉಜ್ಜಿದರು. ಹೀಗೆ ಊರಿನ ಪ್ರತಿ ಓಣಿಯದೂ ಒಂದೊಂದು ತುಂಡು ಅದರಲ್ಲಿತ್ತು. ನನ್ನದೂ ಇತ್ತು: ಮಾಮಾನ ಗ್ಯಾರೇಜಿನಲ್ಲಿ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ, ಗಾಡಿಯ ಮೇಲೆ ಯಾವಾಗಲೂ ಕೂತಿರುತ್ತಿದ್ದ ನಾನು.

ಮುದಿಕಿಗೆ ಮೀಟರುಗಳಿರಲಿಲ್ಲ. ಅವುಗಳ ಜಾಗದಲ್ಲಿ ನಾಲ್ಕು ದುಂಡನೆ ತೂತುಗಳಿದ್ದವು. ಮಾಮಾ ಓಡಿಸುತ್ತಿದ್ದುದು ಕಿವಿಯಿಂದ. ಪ್ರತಿ ಬೆಳಿಗ್ಗೆ ಬೇವಿನ ಕಡ್ಡಿಯ ಒಂದು ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಳಗಿನ ಸಪ್ಪಳವೆಲ್ಲ ದವಡೆಯ ಎಲುಬಿನಿಂದ ಕಿವಿಗೆ ಬರುತ್ತದಂತೆ. ಊರವರು "ಮಾಮಾ ಎಂಜಿನ್‌ಗೆ ಹಲ್ಲು ಉಜ್ಜಸ್ಲಾಕತ್ತಾರ" ಎಂದು ನಗುತ್ತಿದ್ದರು. ಆದರೆ ಹೆದ್ದಾರಿಯಲ್ಲಿ ಬೊಂಬಾಯಿ ಲಾರಿ ಕೆಟ್ಟು ನಿಂತರೆ ಆ ನಗುವವರೇ ಓಡಿ ಬಂದು ಮಾಮಾನನ್ನೂ ಕಡ್ಡಿಯನ್ನೂ ಕರೆದುಕೊಂಡು ಹೋಗುತ್ತಿದ್ದರು.

ಆ ವರ್ಷ ಹೈದರಾಬಾದಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ಎಂದು ಸುದ್ದಿ ಬಂತು. ಯಾವ ಗಾಡಿ ಪಟ್ಟಿಗೆ ಸೇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಅಲ್ಲಿನ ಒಬ್ಬ ಹಿರಿಯರು. ನವಾಬರ ಗಾಡಿಗಳನ್ನು ಕಂಡು ಬೆಳೆದವರು, ಬೀದರಿನಲ್ಲಿ ಅಜ್ಜಿಯ ಮನೆ ಇದ್ದುದರಿಂದ ನಮ್ಮ ಕನ್ನಡ ಬಲ್ಲವರು. ಗಾಣದವನು ಕಡೆದ ಗೇರಿನ ವಿಷಯ ಅವರ ಕಿವಿಗೂ ಹೋಗಿತ್ತು. "ಅಂಥಾ ಗಾಡಿ ಊರು ದಾಟ್ತದೇನು?" ಎಂದರಂತೆ. ಮಾಮಾ ಕಾಗದ ಬರೆದರು: ಎಲ್ಲಿಂದ ಬಂಡಿಯ ಮೇಲೆ ತಂದೆನೋ ಅಲ್ಲಿಂದಲೇ ಹೊರಟು, ನೀವು ಹೇಳಿದಲ್ಲಿಗೆ ಬರುತ್ತೇನೆ. ಹಿರಿಯರು ಹೊಸ ಮನೆಗೆ ಕಲ್ಲು ಕೊಳ್ಳಲು ತಾಂಡೂರಿಗೆ ಬರುವವರಿದ್ದರು. ಮಧ್ಯಾಹ್ನ ಎರಡೂವರೆಯ ರೈಲಿಗೆ ವಾಪಸು. ಅವರ ಷರತ್ತು ಎರಡು: ಒಂದು, ರೈಲು ಬರುವ ಮುಂಚೆ ಗಾಡಿ ಸ್ಟೇಷನ್ನಿನ ಮುಂದಿರಬೇಕು. ಎರಡು, ದಾರಿಯಲ್ಲಿ ಎಂಜಿನ್ ಬಿಚ್ಚಬಾರದು. ಬಿಚ್ಚಿದ ಗಾಡಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಹಿಂದಿನ ಸಂಜೆಯೇ ಗಾಡಿ ಒಯ್ದು ಉಳಿದು, ನಾರಾಯಣಖೇಡದಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಮಾಮಾ, ಪಕ್ಕದಲ್ಲಿ ನಾನು, ನನ್ನ ಕಾಲುಗಳ ನಡುವೆ ರೇಡಿಯೇಟರಿನ ನೀರಿಗೆಂದು ಹಿತ್ತಾಳೆ ಕೊಡ. ತಾಂಡೂರಿನಲ್ಲಿ ತೊಟ್ಟು ಇಳಿಯಲೆಂದು ನಮ್ಮವ್ವ ನೀಲಿ ಹಾಕಿ ಒಗೆದ ಬಿಳಿ ಅಂಗಿ ನನ್ನ ಮೈಮೇಲಿತ್ತು. ಮುದಿಕಿ ಹದಿನಾರರ ಹುಡುಗಿಯಂತೆ ಓಡಿದಳು. ಜಹೀರಾಬಾದಿಗೆ ಬಂದಾಗ ಹೆದ್ದಾರಿಯ ಎರಡೂ ಬದಿ ಜನ. ಗಾಣದವನು ಹೆಗಲ ಮೇಲೆ ಮಗಳನ್ನು ಕೂಡಿಸಿಕೊಂಡು, "ನೋಡವ್ವ, ನನ್ನ ಗೇರ್ ಹೊಂಟದ!" ಎಂದು ಕೂಗಿದ. ಗೇರು ಮಾತ್ರ ಹೋಗುತ್ತಿದೆ, ಉಳಿದ ಗಾಡಿ ಸುಮ್ಮನೆ ಜೊತೆಗೆ ಬಂದಿದೆ ಎಂಬ ಹಾಗೆ.

ಊರು ದಾಟಿ ಕೆಂಪು ಮಣ್ಣಿನ ರಸ್ತೆಗೆ ಬಿದ್ದ ಮೇಲೆ ನಾನು ಖುಷಿಯಲ್ಲಿ ಒಂದೊಂದಾಗಿ ಎಲ್ಲರನ್ನೂ ಅಣಕಿಸತೊಡಗಿದೆ. ಮಾಮಾ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.

"ಮನಷ್ಯಾರನ್ನ ಯಾರರೆ ನಕಲ್ ಮಾಡ್ತಾರೋ ಮಂಗ್ಯಾ. ನನ್ನ ಎಂಜಿನ್ ನಕಲ್ ಮಾಡಾಕ ನಿನ್ನಿಂದ ಆಗಂಗಿಲ್ಲ."

"ಮಾಡಿದ್ರ ಏನ್ ಕೊಡ್ತೀರಿ?"

"ನನ್ನ ಕಿವಿ ಕೊಯ್ದು ಕೊಡ್ತೀನಿ, ತಗೋ!"

ಆ ಮಾತು ನನಗೆ ನಾಟಿತು. ಎಂಜಿನ್ನಿನ ಹೊಟ್ಟೆಯಲ್ಲಿ ಬೇರಿಂಗ್ ಸವೆದರೆ ಒಂದು ಸಪ್ಪಳ ಬರುತ್ತದೆ: ಠಕ್, ಠಕ್, ಠಕ್. ಅದು ಬಂದ ಮೇಲೂ ಓಡಿಸಿದರೆ ಎಂಜಿನ್ ಒಡೆದು ಸತ್ತಂತೆಯೇ. ಗ್ಯಾರೇಜಿನಲ್ಲಿ ಸಾಯುತ್ತಿದ್ದ ಒಂದು ಲಾರಿಯಿಂದ ನಾನು ಅದನ್ನು ಕಲಿತಿದ್ದೆ. ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಅರ್ಧ ಖಾಲಿಯಾಗಿದ್ದ ಕೊಡದ ಬಾಯಿಗೆ ಬಾಯಿಟ್ಟು ನಾಲಿಗೆಯನ್ನು ಅಂಗುಳಕ್ಕೆ ಬಡಿದೆ. ಹಿತ್ತಾಳೆ ಅದಕ್ಕೆ ಕಬ್ಬಿಣದ ದನಿ ಕೊಟ್ಟಿತು. ಮಾಮಾ ವೇಗ ಕಡಿಮೆ ಮಾಡಿದರೆ ನಾನೂ ಕಡಿಮೆ, ಹೆಚ್ಚಿಸಿದರೆ ನಾನೂ ಹೆಚ್ಚು. ಐದು ಉಸಿರು ಮಾಡಿ, ತಲೆಯೆತ್ತಿ, "ಕೊಡ್ರಿ ಕಿವಿ" ಎನ್ನುವುದು ನನ್ನ ಲೆಕ್ಕ.

ತಲೆಯೆತ್ತಿದೆ. ಮಾಮಾನ ಮುಖ ನೋಡಿದೆ. ವಿಭೂತಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಅವರು ಗಾಡಿಯನ್ನು ಬದಿಗೆ ತಂದು ಎಂಜಿನ್ ಆರಿಸಿದರು.

"ಬೇರಿಂಗ್ ಹೋಗ್ಯದ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಹೊರಬಂದದ್ದು ಬೇರೆ ಮಾತು. "ಮಾಮಾ, ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ಪಟ್ಟಿ ಹೋಗ್ತದ."

"ಪಟ್ಟಿ ಹೋದ್ರ ಹೋಗ್ಲಿ. ಮುದಿಕಿ ಹೋಗಬಾರ್ದು. ಪಾನಾ ಕೊಡು."

ಅವರು ಗಾಡಿಯ ಕೆಳಗೆ ತೂರಿಕೊಂಡರು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕುಡುಗೋಲು ಹಿಡಿದೇ ಬಂದು ನಿಂತಳು.

"ಏನಾಗ್ಯದರಿ ಗಾಡಿಗಿ?"

"ಹೊಟ್ಟಿಬ್ಯಾನಿ," ಎಂದರು ಮಾಮಾ ಕೆಳಗಿನಿಂದ.

"ಅಜವಾನ ತರ್ಲೇನು?"

"ಒಂದು ಬೋಗುಣಿ ತಾರವ್ವ ತಂಗಿ, ಎಣ್ಣಿ ಹಿಡ್ಯಾಕ."

ಅವಳು ಹೊಲದ ಗುಡಿಸಲಿನಿಂದ ತಂದ ಬೋಗುಣಿಯಲ್ಲಿ ಎಂಜಿನ್ನಿನ ಎಣ್ಣೆ ಇಳಿಸಿದೆವು. ಇಪ್ಪತ್ತಕ್ಕೂ ಹೆಚ್ಚು ಬೋಲ್ಟು ಬಿಚ್ಚಿ ಮಾಮಾ ಒಂದೊಂದೇ ಬೇರಿಂಗನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಎಲ್ಲವೂ ಗಟ್ಟಿ. ಮತ್ತೆ ನೋಡಿದರು. "ಸಪ್ಪಳ ಎಲ್ಲಿ ಹೋತೋ?" ಎಂದು ಕೇಳಿದರು, ನನ್ನನ್ನಲ್ಲ, ಮುದಿಕಿಯನ್ನು. ನಾನು ಬಿಚ್ಚಿದ ಬೋಲ್ಟುಗಳನ್ನು ಎಣಿಸತೊಡಗಿದೆ. ಎಲ್ಲವನ್ನೂ ಮತ್ತೆ ಜೋಡಿಸುವಾಗ ಎಣ್ಣೆಯಲ್ಲಿ ಮಣ್ಣು ಬಿದ್ದಿದ್ದು ಕಂಡಿತು. ಸೋಸಲು ಬಟ್ಟೆ ಬೇಕು. ನಾನು ಕೇಳುವ ಮುಂಚೆಯೇ ಅಂಗಿ ಬಿಚ್ಚಿ ಕೊಟ್ಟೆ. ಮಾಮಾ ನನ್ನ ಬೆನ್ನು ತಟ್ಟಿ, "ಭಾಳ ದೊಡ್ಡ ಮನಸ್ಸು ನಿಂದು" ಎಂದರು. ಪಾನಾದಿಂದ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮತ್ತೆ ಹೊರಟಾಗ ಒಂದೂವರೆ. ತಾಂಡೂರು ಇನ್ನೂ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ನಾನು ಬನಿಯನ್ನಿನಲ್ಲಿ ಕೂತು ಮೆಲ್ಲಗೆ ಅಂದೆ: "ಮಾಮಾ, ಬಿಚ್ಚಿದ್ದು ಯಾರ್ ನೋಡ್ಯಾರ? ಹೇಳೂದ ಬ್ಯಾಡ ಬಿಡ್ರಿ."

"ಮುದಿಕಿ ನೋಡ್ಯಾಳ."

"ಮತ್ತ ಹೊಂಟೇವ್ಯಾಕ?"

"ಎರಡೂವರಿಗಿ ಬರ್ತೀನಿ ಅಂದೀನಿ. ಪಟ್ಟಿ ಅವರ ಕೈಯಾಗದ, ಮಾತು ನನ್ನ ಕೈಯಾಗದ."

ಅಂದು ನಾನು ಕಂಡ ಓಟವನ್ನು ಅಣಕಿಸಲು ನನ್ನಿಂದ ಇಂದಿಗೂ ಆಗಿಲ್ಲ. ಬೆಳ್ಳಿ ಕಪ್‌ಗಳನ್ನು ಅವರು ಹೇಗೆ ಗೆದ್ದಿರಬಹುದು ಎಂದು ಆಗ ತಿಳಿಯಿತು. ಅವರು ಅವಸರ ಮಾಡಲೇ ಇಲ್ಲ. ತಿರುವು ಬರುವ ಎಷ್ಟೋ ಮುಂಚೆ ಗಾಡಿ ಅದಕ್ಕೆ ಸಿದ್ಧವಾಗಿರುತ್ತಿತ್ತು. ಬ್ರೇಕು ತುಳಿದದ್ದು ನಾಲ್ಕೈದು ಸಲವಷ್ಟೇ. ಹಾರ್ನಿನ ರಬ್ಬರು ಹರಿದು ಹೋಗಿತ್ತು. ಎದುರಿಗೆ ಬಂಡಿಗಳ ಸಾಲು ಬಂದಾಗ ಮಾಮಾ, "ಏ ಮಂಗ್ಯಾ, ಲಾರಿ ಆಗು!" ಎಂದರು. ನಾನು ಎದ್ದು ನಿಂತು ಬೊಂಬಾಯಿ ಲಾರಿಯ ಹಾರ್ನ್ ಹೊಡೆದೆ. ಬಂಡಿಗಳು ಸರಸರ ಬದಿಗೆ ಸರಿದವು. ಹಿಂದೆ ತಿರುಗಿ ಲಾರಿ ಹುಡುಕಿದ ಒಬ್ಬ ಮುದುಕ ನಮ್ಮನ್ನು ನೋಡಲೇ ಇಲ್ಲ. ಮಣ್ಣು ಕಪ್ಪಾಯಿತು, ಹೊಲಗಳಿಗೆ ಬೇಲಿಯಾಗಿ ನೆಟ್ಟ ಕಲ್ಲಿನ ಚಪ್ಪಡಿಗಳು ಬಂದವು, ಅವುಗಳ ನಡುವೆ ಮುದಿಕಿಯ ಸದ್ದು ಚಪ್ಪಾಳೆಯಂತೆ ತಿರುಗಿ ನಮಗೇ ಬಡಿಯತೊಡಗಿತು.

ಸ್ಟೇಷನ್ನಿನ ಮುಂದೆ ನಿಂತಾಗ ರೈಲು ಇನ್ನೂ ಬಂದಿರಲಿಲ್ಲ. ಹಿರಿಯರು ಶೇರವಾನಿ ತೊಟ್ಟು, ಪಟ್ಟಿಯ ಕಾಗದ ಮತ್ತು ಪೆನ್ನು ಹಿಡಿದು ಕಾಯುತ್ತಿದ್ದರು. ಗಾಡಿಯನ್ನು ಒಂದು ಸುತ್ತು ಬಂದರು. ಜಾಲಿಯ ಬಾಗಿಲನ್ನು ಸವರಿದರು. ಎಂಜಿನ್ ಕೇಳಿದರು. ಅವರ ಮುಖ ಕರಗುತ್ತಿರುವುದು ಕಾಣುತ್ತಿತ್ತು. ಪೆನ್ನಿನ ಟೊಪ್ಪಿಗೆ ತೆಗೆದರು.

"ಒಂದು ಮಾತದರಿ," ಎಂದರು ಮಾಮಾ. "ದಾರ್ಯಾಗ ಬಿಚ್ಚೀನಿ. ಬೇರಿಂಗ್ ಸಪ್ಪಳ ಬಂದಂಗಾತು. ಒಳಗ ಏನೂ ಇದ್ದಿಲ್ಲ. ಆದ್ರ ಬಿಚ್ಚಿದ್ದು ಬಿಚ್ಚಿದ್ದೇ."

ಹಿರಿಯರು ಟೊಪ್ಪಿಗೆಯನ್ನು ಮತ್ತೆ ಪೆನ್ನಿಗೆ ಹಾಕಿದರು. "ಅಫ್ಸೋಸ್ ಆಗ್ತದ ಮಿಯಾ. ಸಪ್ಪಳ ಬಂದದ, ಕಾರಣ ಸಿಕ್ಕಿಲ್ಲ ಅಂದ್ರ ರೋಗ ಒಳಗೇ ಅದ."

ದೂರದಲ್ಲಿ ರೈಲಿನ ಸಿಳ್ಳೆ ಕೇಳಿತು. ಜಹೀರಾಬಾದಿನ ರಸ್ತೆಯ ಎರಡೂ ಬದಿಯ ಜನ, ಗಾಣದವನ ಹೆಗಲ ಮೇಲಿನ ಮಗಳು, ಎಲ್ಲ ಕಣ್ಣ ಮುಂದೆ ಬಂದರು. "ರೋಗ ಒಳಗಿಲ್ರಿ, ಇಲ್ಲೇ ನಿಂತದ," ಎಂದೆ. ಈ ಸಲ ತೊದಲಿದ್ದು ಅಣಕವಾಗಿರಲಿಲ್ಲ. "ಆ ಸಪ್ಪಳ ನಾನೇ ಮಾಡೀನ್ರಿ. ಬಾಯಿಲೆ."

ಹಿರಿಯರು ನನ್ನ ಎಣ್ಣೆ ಹತ್ತಿದ ಬನಿಯನ್ನನ್ನು ನೋಡಿದರು. "ಮಾಲಕನ್ನ ಉಳಸಾಕ ಸುಳ್ಳು ಹೇಳ್ಲಾಕತ್ತಿ."

ಕೊಡ ಇಳಿಸಿ, ಸ್ಟೇಷನ್ನಿನ ಕಲ್ಲಿನ ಮೇಲೆ ಮಂಡಿಯೂರಿ, ಅದರ ಬಾಯಿಗೆ ಬಾಯಿಟ್ಟೆ. ಠಕ್, ಠಕ್, ಠಕ್. ಕೂಲಿಯವರು ಗಂಟು ಇಳಿಸಿ ಬಂದರು. ಹಿರಿಯರು ಗಾಡಿಯ ಮೂಗಿನ ಹತ್ತಿರ ಓಡಿಹೋಗಿ ನೋಡಿದರು; ಎಂಜಿನ್ ಆರಿತ್ತು. ಮಾಮಾ ಮಾತ್ರ ಅಲ್ಲಾಡಲಿಲ್ಲ. ಇಪ್ಪತ್ತು ವರ್ಷ ಇಡೀ ಹೆದ್ದಾರಿ ನಂಬಿದ ಕಿವಿಯನ್ನು ನಾನು ನಾಲ್ಕು ಜನರ ನಡುವೆ ಮಣ್ಣುಪಾಲು ಮಾಡಿದ್ದೆ. ಗಾಡಿ ಉಳಿಸಲು ಹೋಗಿ ಮನುಷ್ಯನನ್ನು ಕಳೆದೆ ಎಂದುಕೊಂಡು ಕೊಡದಿಂದ ತಲೆ ಎತ್ತಲಿಲ್ಲ.

ಹಿರಿಯರು ನಕ್ಕರು. ಒಳ್ಳೆಯ ನಗುವಾಗಿರಲಿಲ್ಲ. "ಅಂದ್ರ ಗಾಡಿ ಪಾಸ್, ಡ್ರೈವರ್ ಫೇಲ್! ಮೀಟರ್ ಇಲ್ದೆ ಬರೇ ಕಿವಿ ಮ್ಯಾಲ ಓಡಸ್ತೀರಿ. ಆ ಕಿವಿಗಿ ಬೇರಿಂಗ್ ಯಾವ್ದು, ಹುಡುಗನ ನಾಲಿಗಿ ಯಾವ್ದು ತಿಳೀಲಿಲ್ಲ ಅಂದ್ರ, ನಿಮ್ಮನ್ನ ಹೆಂಗ್ ನಂಬ್ಲಿ?"

ಮಾಮಾ ಕನ್ನಡಕವನ್ನು ಹಣೆಗೆ ಏರಿಸಿದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು. ಅದನ್ನು ಕೇಳಿ ಹಿರಿಯರ ಬಾಯಿ ಮುಚ್ಚಿ ಪೆನ್ನು ಬಿಚ್ಚಿತು. ರೈಲಿನ ಬಾಗಿಲಲ್ಲಿ ನಿಂತೇ ಪಟ್ಟಿಯಲ್ಲಿ ಜಹೀರಾಬಾದಿನ ಗಾಡಿ ಎಂದು ಬರೆದರು. ಆ ಮಾತನ್ನು ಮಾಮಾನ ದನಿಯಲ್ಲೇ ಹೇಳಲು ನನಗೆ ಬರುತ್ತದೆ, ಆದರೆ ಕಾಗದದ ಮೇಲೆ ದನಿ ಬರುವುದಿಲ್ಲ, ಅಕ್ಷರವಷ್ಟೇ:

"ನನ್ನ ಮುದಿಕಿ ಆ ಸಪ್ಪಳ ಇಷ್ಟ್ ವರ್ಷದಾಗ ಒಮ್ಮೆರೆ ಖರೇನೇ ಮಾಡಿದ್ರ, ಇವಂದು ಸುಳ್ಳು ಅಂತ ಗುರ್ತು ಹಿಡೀತಿದ್ದೆರಿ ಸಾಹೇಬ್ರ."