ತರೀಕೆರೆ ಬಂಗಲೆಯಲ್ಲಿ ಓದದೆ ಉಳಿದ ಪುಟ

ಬಿ.ಎ. ಮುಗಿಸಿ ಮೈಸೂರಿನಿಂದ ಅಜ್ಜಂಪುರಕ್ಕೆ ಹಿಂತಿರುಗಿದ ಬೇಸಿಗೆಯಲ್ಲಿ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ. ಮನೆಯಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಮುಂಭಾಗದಲ್ಲಿ ಹತ್ತಿ, ಕೊಬ್ಬರಿಯ ವ್ಯಾಪಾರ, ಹಿಂಭಾಗದಲ್ಲಿ ಅಡಿಗೆಮನೆ. ಎರಡು ಕಡೆಯೂ ಬೆಳಗಿನಿಂದ ದೀಪ ಹಚ್ಚುವವರೆಗೆ ಮಾತೇ ಮಾತು. ಆದರೆ ನನ್ನ ವಿಷಯದಲ್ಲಿ ಅಲ್ಲಿ ನಡೆಯುತ್ತಿದ್ದ ಚರ್ಚೆ ಒಂದೇ. ಇಷ್ಟು ಓದಿದವಳಿಗೆ ಗಂಡು ಎಲ್ಲಿ ಸಿಕ್ಕುತ್ತದೆ ಎಂಬುದು. ಅದನ್ನು ನನ್ನ ಎದುರಿಗೇ, ನಾನು ಅಲ್ಲಿಲ್ಲವೆಂಬಂತೆ ಮಾತಾಡುತ್ತಿದ್ದರು.

ತರೀಕೆರೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಮಿಷನ್ನಿನ ದೊರೆಸಾನಿಯೊಬ್ಬರು ನನ್ನ ಕಾಲೇಜಿನ ಅಧ್ಯಾಪಕಿಯಿಂದ ನನ್ನ ವಿಷಯ ತಿಳಿದು ಒಂದು ಕಾರ್ಡು ಬರೆದರು. ಬೇಸಿಗೆಯ ಶನಿವಾರಗಳಲ್ಲಿ ತಮ್ಮ ಬಂಗಲೆಯಲ್ಲಿ ಕೆಲವರು ಓದಿದವರು ಸೇರಿ, ಹಿಂದಿನ ಕಾಲದ ಒಬ್ಬ ಕ್ರೈಸ್ತ ದೈವಶಾಸ್ತ್ರಜ್ಞನ ಗ್ರಂಥವನ್ನು ಓದಿ ಚರ್ಚಿಸುವುದಾಗಿಯೂ, ಯಾರನ್ನೂ ಮತಕ್ಕೆ ಸೇರಿಸುವ ಉದ್ದೇಶವಿಲ್ಲವೆಂದೂ ಬರೆದಿದ್ದರು. ಕೊನೆಯ ಶನಿವಾರ ಒಬ್ಬರು ಪ್ರಬಂಧ ಓದಬೇಕು, ಅದು ನಿಮ್ಮದಾಗಲಿ ಎಂದೂ ಇತ್ತು.

ಆ ದೈವಶಾಸ್ತ್ರಜ್ಞನನ್ನು ನಾನು ಕಾಲೇಜಿನ ಪಠ್ಯದಲ್ಲಿ ಅರ್ಧ ಪುಟದಷ್ಟು ಓದಿದ್ದೆ. ಮನುಷ್ಯ ತನ್ನ ಬಲದಿಂದ ಒಳ್ಳೆಯವನಾಗಲಾರ. ದೇವರ ಕೃಪೆಯಿಂದಲೇ ಆಗಬೇಕು. ಆ ಕೃಪೆ ಯೋಗ್ಯತೆಯನ್ನು ನೋಡಿ ಬರುವುದಲ್ಲ, ದೇವರು ತಾನಾಗಿ ಆರಿಸಿಕೊಂಡವರಿಗೆ ಬರುತ್ತದೆ. ಇಷ್ಟು ಅವನ ವಾದ. ಆ ಅರ್ಧ ಪುಟ ಪರೀಕ್ಷೆ ಮುಗಿದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಯೋಗ್ಯತೆ ಯಾರಿಗೂ ಇಲ್ಲವೆಂದ ಮೇಲೆ, ಒಬ್ಬನಿಗೆ ಕೊಟ್ಟು ಅವನ ಪಕ್ಕದವನಿಗೆ ಕೊಡದ ದೇವರನ್ನು ನ್ಯಾಯವಂತನೆಂದು ಹೇಗೆ ಕರೆಯುವುದು? ಇದನ್ನು ಬಲ್ಲವರ ಮುಂದಿಟ್ಟು ಒಂದು ಉತ್ತರ ಪಡೆಯಬೇಕೆಂಬುದಷ್ಟೇ ನನ್ನ ಆಸೆ. ಉತ್ತರ ನನಗೆ ಒಪ್ಪಿಗೆಯಾಗಲೇಬೇಕೆಂದೇನೂ ಇರಲಿಲ್ಲ.

ಅಪ್ಪ ಬೇಡವೆನ್ನಲಿಲ್ಲ. ಅಜ್ಜಿ ಒಂದು ಷರತ್ತು ಹಾಕಿದರು.

"ಹೋಗ್ಲಿ ಬಿಡು, ಹೆಂಗೂ ಓದ್ಬಿಟ್ಟವಳೆ. ಆದ್ರೆ ಅಲ್ಲಿ ಒಂದು ತೊಟ್ಟು ನೀರು ಮುಟ್ಟಕೂಡ್ದು ಕಣೇ. ಎದೆ ಮ್ಯಾಲೆ ಲಿಂಗ ಐತೆ ಅನ್ನೋದು ಮರೀಬೇಡ."

ಲಿಂಗ ಧರಿಸದವರನ್ನು ನಮ್ಮ ಮನೆಯಲ್ಲಿ ಭವಿಗಳೆನ್ನುತ್ತಿದ್ದರು. ಭವಿಗಳ ಕೈಯ ಅನ್ನವಾಗಲಿ ನೀರಾಗಲಿ ನಮಗೆ ಸಲ್ಲದು. ಈ ಲೆಕ್ಕದಲ್ಲಿ ಪಾದ್ರಿಗೂ ಪುರೋಹಿತರಿಗೂ ವ್ಯತ್ಯಾಸವಿರಲಿಲ್ಲ. ಷರತ್ತನ್ನು ನಡೆಸುವುದಕ್ಕೆಂದು ಚಿಕ್ಕಪ್ಪನನ್ನು ನನ್ನ ಜೊತೆಗೆ ಹಾಕಿದರು. ಬೀರೂರಿನಲ್ಲಿ ವ್ಯಾಪಾರದ ಕೆಲಸ ಸದಾ ಇರುತ್ತಿದ್ದುದರಿಂದ ಅವರೂ ಗೊಣಗದೆ ಹೊರಟರು. ಮುಚ್ಚಳವಿದ್ದ ಹಿತ್ತಾಳೆ ಚೆಂಬಿನಲ್ಲಿ ಮನೆಯ ನೀರು, ಬುಟ್ಟಿಯಲ್ಲಿ ಬುತ್ತಿ. ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿಗೆ ಕಾದು ಕುಳಿತು, ತರೀಕೆರೆಯಲ್ಲಿ ಇಳಿದು ಜಟಕಾ ಹತ್ತುತ್ತಿದ್ದೆವು.

ಬಂಗಲೆಯ ನಡುಮನೆಯಲ್ಲಿ ಬೆತ್ತದ ಕುರ್ಚಿಗಳನ್ನು ಹಾಕಿರುತ್ತಿದ್ದರು. ದೊರೆಸಾನಿಯಲ್ಲದೆ ಕಡೂರಿನ ಒಬ್ಬ ವಕೀಲರು, ತರೀಕೆರೆಯಲ್ಲೇ ನೆಲೆಸಿದ್ದ ಒಬ್ಬ ನಿವೃತ್ತ ಅಮಲ್ದಾರರು, ಮಿಷನ್ ಶಾಲೆಯ ಮೇಷ್ಟರು, ನಾನು. ವಕೀಲರೂ ಅಮಲ್ದಾರರೂ ಬ್ರಾಹ್ಮಣರು, ಮೇಷ್ಟರು ಕ್ರೈಸ್ತರು. ಚಿಕ್ಕಪ್ಪ ಹೊರಗೆ ಜಗಲಿಯ ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದರು.

ಬಂದವರಿಗೆ ತೊಂದರೆಯಾಗಬಾರದೆಂದು ದೊರೆಸಾನಿ ಅಗ್ರಹಾರದಿಂದ ಒಬ್ಬ ಬ್ರಾಹ್ಮಣ ಅಡಿಗೆಯವರನ್ನು ಕರೆಸಿ ಕಾಫಿ ಮಾಡಿಸುತ್ತಿದ್ದರು. "ಇದು ಎಲ್ಲರೂ ಕುಡಿಯತಕ್ಕ ಕಾಫಿ" ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ಸಂತೋಷದಿಂದ ಹೇಳುತ್ತಿದ್ದರು. ನಾನು ಬೇಡವೆನ್ನುತ್ತಿದ್ದೆ. ಮೊದಲು ಅದನ್ನು ಸಂಕೋಚವೆಂದು ತಿಳಿದರು, ಆಮೇಲೆ ಬಿಗುಮಾನವೆಂದು ತಿಳಿದರು. ನಿಜವಾದ ಕಾರಣವನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ನಾನು ಅಲ್ಲಿಗೆ ಹೋದದ್ದು ಒಂದು ಗ್ರಂಥದ ವಿಷಯ ಮಾತಾಡಲು, ನಮ್ಮ ಅಡಿಗೆಮನೆಯ ವಿಷಯವನ್ನಲ್ಲ. ಮೇಷ್ಟರ ಕಾಫಿ ಅವರ ಕುರ್ಚಿಗೆ ಬರುತ್ತಲೇ ಇರಲಿಲ್ಲ. ಅವರು ಎದ್ದು ಒಳಗೆ ಹೋಗಿ ಕುಡಿದು ಬರುತ್ತಿದ್ದರು. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ನನ್ನ ಇಂಗ್ಲಿಷ್ ಉಚ್ಚಾರಣೆ ಚೆನ್ನಾಗಿದೆಯೆಂದು ಗಟ್ಟಿಯಾಗಿ ಓದುವ ಕೆಲಸವನ್ನು ನನಗೇ ವಹಿಸಿದರು. ಅಲ್ಲಿಂದಲೇ ನನ್ನ ಕಷ್ಟ ಶುರುವಾಯಿತು. ಒಂದು ಭಾಗವನ್ನು ಓದಿ ಮುಗಿಸಿ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ವಕೀಲರು ಆರಂಭಿಸುತ್ತಿದ್ದರು. "ಇದರಲ್ಲಿ ಹೊಸದೇನಿದೆ? ಇದೆಲ್ಲ ನಮ್ಮಲ್ಲಿ ಮೊದಲೇ ಹೇಳಿದೆ." ಯಾವ ಅಧ್ಯಾಯವನ್ನು ಓದಿದರೂ ಅವರ ಮಾತು ಇದೇ. ಮೊದಲೇ ಹೇಳಿದ್ದರೆ ಅದು ಸರಿಯೋ ತಪ್ಪೋ ಎಂಬ ವಿಚಾರಕ್ಕೆ ಅವರು ಒಂದು ಸಲವೂ ಬರಲಿಲ್ಲ.

ಅಮಲ್ದಾರರು ಒಮ್ಮೆ ವಿಷಯದ ತೀರ ಹತ್ತಿರಕ್ಕೆ ಬಂದರು. "ಕೃಪೆ ಅಂದ್ರೆ ಕಂದಾಯದ ಮಾಫಿ ಇದ್ದ ಹಾಗೆ ಕಣ್ರೀ. ಅರ್ಜಿ ಹಾಕಿದೋರಿಗೆಲ್ಲ ಸಿಗೋಲ್ಲ."

ನಾನು ಬೇಗನೆ ಕೇಳಿದೆ. "ಸಿಗದೇ ಇದ್ದವನಿಗೆ ಕಾರಣ ಹೇಳ್ತಿದ್ರಾ?"

"ಕಾರಣ ಹೇಳ್ತಾ ಕೂತಿದ್ರೆ ಅಮಲ್ದಾರಿ ಮಾಡಿದ ಹಾಗೇ ಇತ್ತು, ತಾಯಿ" ಎಂದು ನಕ್ಕು, ಪಂಚನಹಳ್ಳಿಯ ಕಡೆ ಬೆಳೆ ತನಿಖೆಗೆ ಹೋದಾಗ ಕುದುರೆ ಕೆಡವಿದ ಕಥೆಗೆ ಹೊರಟುಹೋದರು. ಆ ಶನಿವಾರ ಕುದುರೆಯಲ್ಲಿಯೇ ಮುಗಿಯಿತು. ದೊರೆಸಾನಿ ಪ್ರತಿ ಸಲವೂ ಒಂದು ಸಣ್ಣ ಪ್ರಾರ್ಥನೆಯಿಂದ ಮುಗಿಸುತ್ತಿದ್ದರು. ಪ್ರಾರ್ಥನೆಗೆ ಎದುರು ಪ್ರಶ್ನೆ ಹಾಕುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ಹೀಗಾಗಿ ನನ್ನ ಭರವಸೆಯನ್ನೆಲ್ಲ ಪ್ರಬಂಧದ ಮೇಲೆ ಇಟ್ಟೆ. ಪ್ರಬಂಧ ಓದುವಾಗಲಾದರೂ ನಡುವೆ ಬಾಯಿ ಹಾಕುವುದಿಲ್ಲವಷ್ಟೆ. ಮೂರೇ ಪುಟ ಬರೆದೆ. ಮೊದಲೆರಡರಲ್ಲಿ ಅವನ ವಾದವನ್ನು ಅವನ ಪಕ್ಷದಲ್ಲೇ ನಿಂತು ಹೇಳಿದೆ. ಮೂರನೆಯದರಲ್ಲಿ ನನ್ನ ಪ್ರಶ್ನೆ. ಅದನ್ನು ಅವನಿಗೆ ಮಾತ್ರ ಹಾಕುವುದು ನ್ಯಾಯವೆನಿಸಲಿಲ್ಲ. ನಮ್ಮ ಮನೆಯಲ್ಲಿ ಕೂಸು ಹುಟ್ಟಿದೊಡನೆ ಜಂಗಮರು ಬಂದು ಲಿಂಗ ಕಟ್ಟುತ್ತಾರೆ. ನಾನೂ ಅದನ್ನು ಕೇಳಿ ಪಡೆದವಳಲ್ಲ, ಗಳಿಸಿದವಳೂ ಅಲ್ಲ. ಹಾಗಿದ್ದರೆ ಅದೇ ದಿನ ಪಕ್ಕದ ಬೀದಿಯಲ್ಲಿ ಹುಟ್ಟಿದ ಕೂಸಿಗೂ ನನಗೂ ಭೇದ ಮಾಡಿದವರು ಯಾರು, ಯಾವ ಕಾರಣಕ್ಕೆ? ಇದನ್ನು ಬರೆದ ಮೇಲೆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇರಲಿಲ್ಲ. ಆದರೂ ಹಾಕಿದೆ.

ಕೊನೆಯ ಶನಿವಾರ ಶಿವಮೊಗ್ಗದ ಗಾಡಿ ತಡವಾಯಿತು. ಬೀರೂರಿನ ಪ್ಲಾಟ್‌ಫಾರಂ ಕಾದ ಹೆಂಚಿನಂತಿತ್ತು. ನಮ್ಮೂರ ಮಠದ ಇಬ್ಬರು ಹಿರಿಯರು ಅಲ್ಲಿಯೇ ಯಾವುದೋ ಗಾಡಿಗೆ ಕಾದಿದ್ದರು. ಚಿಕ್ಕಪ್ಪ ಅವರೊಡನೆ ಬಹಳ ಹೊತ್ತು ಬಿಸಿಲಲ್ಲಿ ನಿಂತು ಮಾತಾಡಿ ಬಂದು, ಬುಟ್ಟಿಯಿಂದ ಚೆಂಬು ತೆಗೆದು, ಎತ್ತಿದ ಕೈ ಇಳಿಸದೆ ನೀರನ್ನೆಲ್ಲ ಕುಡಿದುಬಿಟ್ಟರು. ನಾನು ಅವರ ಮುಖ ನೋಡಿದೆ.

"ಎರಡು ಗಳಿಗೆ ತಡ್ಕೊಳ್ಳೋಕಾಗಲ್ವೇನಮ್ಮ ನಿನಗೆ?" ಎಂದು ಖಾಲಿ ಚೆಂಬಿಗೆ ಜೋಪಾನವಾಗಿ ಮುಚ್ಚಳ ಹಾಕಿದರು.

ನಾನು ಓದಲು ಕೂತಾಗ ಎಲ್ಲರೂ ನಿಜವಾಗಿಯೂ ಸುಮ್ಮನಿದ್ದರು. ಮೊದಲ ಪುಟ ಮುಗಿಯಿತು. ವಕೀಲರು ಕೂಡ ತಲೆ ಅಲ್ಲಾಡಿಸಿದರು. ಎರಡನೆಯದರ ಕೊನೆಗೆ ಬರುವಾಗ ಗಂಟಲು ಒಣಗಿ ಕೆಮ್ಮು ಬಂತು. ಸಣ್ಣ ಕೆಮ್ಮು. ತಾನಾಗಿ ನಿಲ್ಲುತ್ತಿತ್ತು. ಅಷ್ಟರಲ್ಲಿ ದೊರೆಸಾನಿ ಕೈಯೆತ್ತಿ ನನ್ನನ್ನು ತಡೆದು, "ನೀರು ತನ್ನಿರಿ" ಎಂದು ಒಳಗೆ ಕೂಗಿದರು. ಮೇಷ್ಟರು ಎದ್ದವರು, ಏನೋ ನೆನಪಾದವರಂತೆ ಮತ್ತೆ ಕೂತರು. ಅಡಿಗೆಯವರು ಲೋಟ ತಂದರು.

"ಬೇಡ, ಓದ್ತೀನಿ" ಎಂದೆ.

"ಕುಡೀಮ್ಮ, ಸಂಕೋಚ ಯಾತಕ್ಕೆ?" ಎಂದರು ವಕೀಲರು. "ಬ್ರಾಹ್ಮಣರ ಕೈ ನೀರು. ಯಾರು ಬೇಕಾದ್ರೂ ಕುಡೀಬಹುದು."

ಜಗಲಿಯಲ್ಲಿ ತೂಕಡಿಸುತ್ತಿದ್ದ ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. "ಯಾರು ಬೇಕಾದ್ರೂ ಕುಡೀಲಿ ಸ್ವಾಮಿ. ನಾವು ಭವಿಗಳ ಕೈ ನೀರು ಕುಡಿಯಾಕಿಲ್ಲ."

ವಕೀಲರು ಕುರ್ಚಿಯಲ್ಲಿ ನೆಟ್ಟಗಾದರು. "ಏನಂದ್ರಿ? ನಾವು ಭವಿಗಳೋ?"

"ಲಿಂಗ ಇಲ್ಲ ಅಂದಮ್ಯಾಲೆ ಇನ್ನೇನು? ನಿಮ್ಮನೇಲಿ ನಮ್ಮ ಕೈ ನೀರು ಕುಡೀತೀರಾ?"

"ಅದು ಬೇರೆ ವಿಷಯ ಕಣ್ರೀ."

"ಹೆಂಗೆ ಬೇರೆ? ಹೇಳಿ, ಕೇಳಾನ."

ದೊರೆಸಾನಿ ಇಬ್ಬರನ್ನೂ ನೋಡಿ, "ನಾವು ಇಷ್ಟು ವಾರ ಏನನ್ನು ಓದಿದೆವು? ಕೃಪೆಯು ಯೋಗ್ಯತೆಯನ್ನು ನೋಡುವುದಿಲ್ಲವಲ್ಲವೇ?" ಎಂದರು. ಒಳ್ಳೆಯ ಪ್ರಶ್ನೆಯೇ. ಅಲ್ಲಿಂದ ನನ್ನ ಮೂರನೆಯ ಪುಟಕ್ಕೆ ನೇರವಾಗಿ ದಾರಿಯಿತ್ತು. ನಾನು ಕಾಗದವನ್ನು ಮೇಲಕ್ಕೆತ್ತಿದೆ.

ಆದರೆ ಅಮಲ್ದಾರರಿಗೆ ರಾಜಿ ಮಾಡಿಸುವ ಹುರುಪು ಬಂದುಬಿಟ್ಟಿತ್ತು. "ತಡೀರಿ, ತಡೀರಿ. ಹಿತ್ತಿಲಲ್ಲಿ ಬಾವಿ ಇದೆ. ಇವರ ಚಿಕ್ಕಪ್ಪನೇ ಸೇದಿ ಕೊಡಲಿ. ಆಗ ಯಾರ ಕೈಯ ಮಾತೂ ಇಲ್ಲ."

"ಹಗ್ಗ ಯಾರು ಮುಟ್ಟಿರೋದು?" ಎಂದರು ಚಿಕ್ಕಪ್ಪ.

"ಸ್ಥಳ ನೋಡೇಬಿಡೋಣ ಬನ್ನಿ" ಎಂದು ಅಮಲ್ದಾರರು ಎದ್ದರು. ಹಳೆಯ ಅಧಿಕಾರದ ಗತ್ತು ಅದು; ಈಗಲೂ ನಡೆಯಿತು. ವಕೀಲರು ವಾದಿಸುತ್ತ, ಚಿಕ್ಕಪ್ಪ ಉತ್ತರ ಕೊಡುತ್ತ, ದೊರೆಸಾನಿ ಸಮಾಧಾನ ಮಾಡುತ್ತ, ಅಡಿಗೆಯವರು ಲೋಟ ಹಿಡಿದುಕೊಂಡೇ, ಹಿತ್ತಿಲಿಗೆ ಹೋದರು. ನಡುಮನೆಯಲ್ಲಿ ನಾನೂ ಮೇಷ್ಟರೂ ಉಳಿದೆವು.

ಅವರು ಅಷ್ಟು ವಾರಗಳಲ್ಲಿ ನನ್ನೊಡನೆ ಮಾತಾಡಿದವರಲ್ಲ. ಈಗ ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಕೇಳಿದರು. "ಮುಂದಿನ ಪುಟದಲ್ಲಿ ಏನಿದೆಯಮ್ಮಾ?"

ಓದಿದರೆ ಹೊತ್ತಾಗುತ್ತದೆಂದು ನಾಲ್ಕು ಮಾತಿನಲ್ಲಿ ಹೇಳಿದೆ. ಅವರು ತಲೆಯೆತ್ತಿದರು. ಕೇಳಿಸಿಕೊಂಡವರ ಮುಖವನ್ನು ನಾನು ಆ ಮನೆಯಲ್ಲಿ ಕಂಡದ್ದು ಅದೇ ಮೊದಲು. "ಇದನ್ನ ನಾನೂ..." ಎಂದು ಆರಂಭಿಸಿದರು.

"ಮೇಷ್ಟರೇ, ಹೊಸ ಹಗ್ಗ ಎಲ್ಲಿದೆ?" ಹಿತ್ತಿಲಿನಿಂದ ದೊರೆಸಾನಿಯ ಧ್ವನಿ.

ಅವರು ಎದ್ದು ಹೋದರು. ಮತ್ತೆ ಬರಲಿಲ್ಲ. ಹೊಸ ಹಗ್ಗ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಗಾಡಿಗೆ ಹೊತ್ತಾಯಿತೆಂದು ಜಟಕಾದವನು ಕೂಗಿದ. ನಾನು ಹೊರಗೆ ಬರುವಾಗ ಚಿಕ್ಕಪ್ಪನ ಮುಖದಲ್ಲಿ ವ್ಯಾಜ್ಯ ಗೆದ್ದ ಕಳೆಯಿತ್ತು. ದೊರೆಸಾನಿ ಜಟಕಾದ ಹತ್ತಿರ ಬಂದು ನನ್ನ ಕೈ ಹಿಡಿದರು.

"ನೀವು ಓದಿ ಮುಗಿಸದಿದ್ದರೂ ಚಿಂತೆಯಿಲ್ಲ. ನೀವು ಎಲ್ಲಿಗೆ ಬರುತ್ತಿದ್ದೀರೆಂದು ನನಗೆ ತಿಳಿಯಿತು. ನಿಮಗೋಸ್ಕರ ಪ್ರಾರ್ಥಿಸುವೆನು."

ತಮ್ಮ ದೇವರ ಹತ್ತಿರಕ್ಕೆಂದು ಅವರು ತಿಳಿದಿದ್ದರು. ನಾನು ನಿಜವಾಗಿ ಎಲ್ಲಿಗೆ ಬರುತ್ತಿದ್ದೆನೆಂಬುದು ನನ್ನ ಕೈಯಲ್ಲಿದ್ದ ಪುಟದಲ್ಲಿತ್ತು. ಅದನ್ನು ಅವರಿಗೆ ಕೊಡಬಹುದಿತ್ತು. ಆ ಗಳಿಗೆಯಲ್ಲಿ ನನಗೆ ಬಂದಿದ್ದ ಸಿಟ್ಟಿಗೆ ಅದು ತೋಚಲಿಲ್ಲ. ನಮಸ್ಕಾರ ಮಾಡಿ ಹತ್ತಿ ಕೂತೆ.

ಬೀರೂರಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಪ್ರಯಾಣಿಕರಿಗೆ ನೀರು ಕೊಡುವ ರೈಲ್ವೆ ಬ್ರಾಹ್ಮಣ ತನ್ನ ಕೊಡದ ಹತ್ತಿರ ಕೂತಿದ್ದ. ನಾನು ಚಿಕ್ಕಪ್ಪನಿಗೆ ಏನೂ ಹೇಳದೆ ಅಲ್ಲಿಗೆ ಹೋಗಿ ಬೊಗಸೆಯೊಡ್ಡಿದೆ. ಬೇಕೆಂದೇ ನಿಧಾನವಾಗಿ ಕುಡಿದೆ. ತಿರುಗಿ ನೋಡಿದರೆ ಅವರು ನನ್ನ ಹಿಂದೆಯೇ ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಅವರು ಪ್ಲಾಟ್‌ಫಾರಮಿನ ಎರಡು ತುದಿಯನ್ನೂ ಒಮ್ಮೆ ನೋಡಿ, ಬಗ್ಗಿ, ತಾವೂ ಬೊಗಸೆಯೊಡ್ಡಿದರು.

"ಇಲ್ಲಿ ಯಾವಾಗ್ಲೂ ಕುಡೀತೀನಿ ಕಣಮ್ಮ" ಎಂದರು ಬಾಯಿ ಒರೆಸಿಕೊಳ್ಳುತ್ತ. "ಬೆಳಿಗ್ಗೆ ಮಠದೋರು ನಿಂತಿದ್ರಲ್ಲ. ಇಲ್ದಿದ್ರೆ ನಿನ್ನ ಚೆಂಬು ಯಾಕೆ ಮುಟ್ತಿದ್ದೆ?"

"ಹಾಗಾದ್ರೆ ಅಲ್ಲಿ ಅಷ್ಟೊಂದು ಯಾಕೆ ಜಗಳ ಮಾಡಿದ್ರಿ?" ಎಂದೆ.

"ಆ ವಕೀಲನ ಮುಂದೆ ಬಿಟ್ಕೊಡೋಕಾಯ್ತದಾ? ನೀನೇ ಹೇಳು." ಬೆಂಚಿನ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದರು. "ಮನೇಲಿ ಅಜ್ಜಿಗೆ ಹೇಳಬ್ಯಾಡ. ಅದಿರ್ಲಿ, ನಿನ್ನ ಕಾಗದದಾಗೆ ಏನೋ ಉಳೀತಲ್ಲ, ಓದು. ಗಾಡಿ ಇನ್ನೂ ಬಂದಿಲ್ಲ."

ನಾನು ಆ ಪುಟವನ್ನು ಕನ್ನಡ ಮಾಡಿಕೊಂಡು ಹೇಳಿದೆ. ಸಿಟ್ಟಿನಲ್ಲಿಯೇ ಹೇಳಿದೆ. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕೇಳಿದರು. ಪಕ್ಕದ ಬೀದಿಯ ಕೂಸಿನ ಮಾತು ಬಂದಾಗ ನೀರಿನ ಕೊಡದ ಕಡೆ ಒಮ್ಮೆ ನೋಡಿದರು.

"ಇದನ್ನ ಅಲ್ಲಿ ಕೇಳಿದ್ರೆ ಅವರು ಏನು ಹೇಳ್ತಿದ್ರು?" ಎಂದರು ಕೊನೆಗೆ.

"ಗೊತ್ತಿಲ್ಲ ಚಿಕ್ಕಪ್ಪ. ಅದನ್ನ ತಿಳ್ಕೊಳ್ಳೋಕೇ ನಾನು ಇಷ್ಟು ವಾರ ಓಡಾಡಿದ್ದು."

ಅವರು ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಸಿಗ್ನಲ್ ಇಳಿಯಿತು. ನಾನು ಕಾಗದವನ್ನು ಮಡಿಸಿ ಖಾಲಿ ಚೆಂಬಿನ ಪಕ್ಕಕ್ಕೆ ಬುಟ್ಟಿಯಲ್ಲಿಟ್ಟೆ. ಅಜ್ಜಂಪುರದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕಾದಿದ್ದರು. ನೀರು ಮುಟ್ಟಿದೆಯಾ ಎಂದು ಮಾತ್ರ ಕೇಳಿದರು.